ಸೈಡಿಗೆ ಹಾಕು: ಒಂದು ಮಿತಾಕ್ಷರ ಭಾಷ್ಯ

ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ. ಅಪ್ಪನ ಆಸ್ತಿಯಲ್ಲಿ ಮಗನಿಗೆಷ್ಟು ಪಾಲು ಎಂದು ಜಗಳ ಬಿದ್ದರೆ ಇವತ್ತಿಗೂ ವಕೀಲರು ಅವನ ಹೆಸರೆತ್ತುತ್ತಾರೆ. ಅಂಥ ಭಾಷ್ಯಕಾರನಿದ್ದ ನಾಡಿನಲ್ಲಿ 1988ರ ಮೋಟಾರು ವಾಹನ ಕಾಯ್ದೆ ಮಾತ್ರ ರಸಿಕರು ಮೆಚ್ಚುವಂಥ ಒಂದು ಟೀಕೆಯೂ ಇಲ್ಲದೆ ಅನಾಥವಾಗಿ ಬಿದ್ದಿದೆ. ಈ ಲೋಪ ನೀಗಲೆಂದೇ ಈ ಬಡ ಭಾಷ್ಯಕಾರ ಬೆಂಗಳೂರಿನ ಒಂದು ಫ್ಲೈಓವರಿನ ಬುಡದ ಟೀ ಅಂಗಡಿಯಲ್ಲಿ ಹಲವು ಸಂಜೆ ಬೈಟು ಕುಡಿಯುತ್ತ ನಿಂತು, ಎದುರಿನ ತಿರುವಿನಲ್ಲಿ ನಡೆಯುವ ಹಿಡಿಯುವ-ಬಿಡುವ ಕ್ರಿಯೆಯನ್ನು ಕಣ್ಣಾರೆ ಕಂಡು ಈ ಗ್ರಂಥ ರಚಿಸಿದ್ದಾನೆ. ಗ್ರಂಥ ಅಪೂರ್ಣ. ಕಾರಣ ಕೊನೆಗೆ ತಿಳಿಯುತ್ತದೆ.

ಮೂಲಸೂತ್ರ ಎರಡೇ ಪದದ್ದು: ‘ಸೈಡಿಗೆ ಹಾಕು.’

ಕಾಯ್ದೆಯ 217 ಸೆಕ್ಷನ್ನುಗಳಲ್ಲಿ ಎಲ್ಲಿ ಹುಡುಕಿದರೂ ಈ ಮಾತಿಲ್ಲ. ಆದ್ದರಿಂದ ಇದನ್ನು ಅಪೌರುಷೇಯವೆಂದೇ ಒಪ್ಪಬೇಕು. ಮೊದಲ ತೊಡಕು ವ್ಯಾಕರಣದ್ದು. ‘ಹಾಕು’ ಸಕರ್ಮಕ ಧಾತು, ಏನನ್ನು ಹಾಕಬೇಕು? ಕರ್ಮಪದ ಕಾಣೆ. ಹದಿಮೂರನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಅಷ್ಟೊಂದು ಧಾತುಗಳನ್ನು ಪಟ್ಟಿ ಮಾಡಿಯೂ ಇದಕ್ಕೆ ಪರಿಹಾರ ಹೇಳಿಲ್ಲ; ಅವನ ಕಾಲಕ್ಕೆ ಸೈಡು ಇರಲಿಲ್ಲ. ಟೀ ಅಂಗಡಿ ಪಂಥದವರು ಕರ್ಮಪದ ‘ಗಾಡಿ’ ಎನ್ನುತ್ತಾರೆ. ಆಟೋ ಸ್ಟ್ಯಾಂಡ್ ಪಂಥದವರು ಬಾಯಿಬಿಟ್ಟು ಏನೂ ಹೇಳದೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸುತ್ತಾರೆ. ಮರ್ಯಾದೆಯ ದೃಷ್ಟಿಯಿಂದ ಈ ಭಾಷ್ಯಕಾರ ಮೊದಲ ಮತವನ್ನೇ ಹಿಡಿದಿದ್ದಾನೆ.

ಇನ್ನೊಂದು ವಿಶೇಷ. ಈ ಕ್ರಿಯಾಪದ ರೂಪ ಬದಲಿಸುವುದು ಲಿಂಗಕ್ಕೋ ಕಾಲಕ್ಕೋ ಅಲ್ಲ, ಚಕ್ರಕ್ಕೆ. ಹಳೇ ಬೈಕಿನ ಹುಡುಗನಿಗೆ ‘ಏಯ್, ಹಾಕೋ ಸೈಡಿಗೆ’. ನರೆತ ತಲೆಯ ಸ್ಕೂಟರಿಗೆ ‘ಯಜಮಾನ್ರೇ, ಹಿಂಗ್ ಬನ್ನಿ’. ಗೂಡ್ಸ್ ಆಟೋದವನಿಗೆ ಕ್ರಿಯಾಪದವೇ ಇಲ್ಲ, ತಗಡಿನ ಮೇಲೊಂದು ಬಡಿತ. ಕಪ್ಪು ಗಾಜಿನ ದೊಡ್ಡ ಕಾರಿಗೆ ‘ಸರ್, ಒಂದ್ನಿಮಿಷ...’, ಅಲ್ಲಿ ಕ್ರಿಯಾಪದ ಗಂಟಲಲ್ಲೇ ಉಳಿದು, ಕೈ ತಾನಾಗಿ ಸೆಲ್ಯೂಟಿನ ಅರ್ಧ ದಾರಿ ಹೋಗಿರುತ್ತದೆ. ಹೀಗೆ, ತಲೆ ನರೆಯದಿದ್ದರೆ ಎರಡು ಚಕ್ರಕ್ಕೆ ಏಕವಚನ, ನಾಲ್ಕಕ್ಕೆ ಬಹುವಚನ. ಆರು ಚಕ್ರದ ಲಾರಿಗೆ ಮತ್ತೆ ಏಕವಚನ ಯಾಕೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ.

ಇನ್ನು ಅಧಿಕಾರ ವಿಚಾರ. 130ನೇ ಸೆಕ್ಷನ್ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಸಾರ್ವಜನಿಕ ಸ್ಥಳದಲ್ಲಿ ಕೇಳಿದರೆ ಚಾಲಕ ಲೈಸೆನ್ಸ್ ತೋರಿಸಬೇಕು. ಇಲ್ಲಿ ಜೀವ ಇರುವುದು ‘ಸಮವಸ್ತ್ರ’ದಲ್ಲಿ. ಮಫ್ತಿಯಲ್ಲಿ ಬಂದರೆ ಅಧಿಕಾರಿ ಉಂಟು, ಸಮವಸ್ತ್ರ ಇಲ್ಲ, ಸೂತ್ರ ಕೂಡಿಬರುವುದಿಲ್ಲ. ಹಾಗಿದ್ದರೆ ಸಮವಸ್ತ್ರ ಉಂಟು, ಅಧಿಕಾರಿ ಇಲ್ಲ ಎಂಬ ಸ್ಥಿತಿಯೂ ಇರಬೇಕಲ್ಲ ಎಂದು ತಾರ್ಕಿಕರು ಕೊಂಕು ತೆಗೆಯಬಹುದು. ಇದೆ. 2019ರ ಕೊನೆಗೆ ಬೆಂಗಳೂರು ಸಂಚಾರ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಬಿಳಿ ಅಂಗಿ, ಖಾಕಿ ಪ್ಯಾಂಟು, ಟೋಪಿ ತೊಡಿಸಿ ಜಂಕ್ಷನ್ನುಗಳಲ್ಲಿ ನಿಲ್ಲಿಸಿಯೇ ತೋರಿಸಿದರು. ಬೊಂಬೆ ಲೈಸೆನ್ಸ್ ಕೇಳುವುದಿಲ್ಲ, ಕೇಳದ ಮೇಲೆ ತೋರಿಸುವ ಕರ್ತವ್ಯ ಹುಟ್ಟುವುದಿಲ್ಲ ಎಂಬುದು ಪೂರ್ವಪಕ್ಷ. ದೂರದಿಂದ ಕಂಡವನು ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ತಲೆಗೇರಿಸಿದನಲ್ಲ, ಅಷ್ಟು ಸಾಕು ಎಂಬುದು ಸಿದ್ಧಾಂತ. ಊಟಕ್ಕೆ ಹೋಗದೆ, ರಜೆ ಕೇಳದೆ, ಹೊಗೆ ಕುಡಿದು ಕೆಮ್ಮದೆ ಆ ಜಂಕ್ಷನ್ನುಗಳಲ್ಲಿ ನಿಲ್ಲಬಲ್ಲವರು ಬೊಂಬೆಗಳು ಮಾತ್ರ ಎಂಬುದನ್ನು ಎರಡೂ ಪಕ್ಷ ಒಪ್ಪುತ್ತವೆ.

132ನೇ ಸೆಕ್ಷನ್ನಿನ ಸೊಗಸೇ ಬೇರೆ. ಗಾಡಿ ಅಪಘಾತದಲ್ಲಿ ಸಿಕ್ಕಿಕೊಂಡಾಗ, ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಮ್ಮಿಯಿಲ್ಲದ ಅಧಿಕಾರಿ ಸಮವಸ್ತ್ರದಲ್ಲಿ ಬಂದು ಹೇಳಿದರೆ, ಚಾಲಕ ಗಾಡಿಯನ್ನು ಅಗತ್ಯವಿದ್ದಷ್ಟು ಹೊತ್ತು, ಆದರೆ 24 ಗಂಟೆ ಮೀರದಂತೆ, ಅಲ್ಲಾಡಿಸದೆ ನಿಲ್ಲಿಸಿಕೊಂಡಿರಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಪಘಾತವೂ ಆಗದೆ, ಸಬ್ ಇನ್ಸ್‌ಪೆಕ್ಟರೂ ಬಾರದೆ, ಜನ ತಾವಾಗಿ ದಿನಾ ಈ ಸೆಕ್ಷನ್ನನ್ನು ಪಾಲಿಸುತ್ತಿದ್ದಾರೆ. ಕಾಯ್ದೆ ಬರೆದವರಿಗೆ ಇದಕ್ಕಿಂತ ಸನ್ಮಾನ ಬೇಕೆ?

ವಾರಂಟಿಲ್ಲದೆ ಬಂಧಿಸುವ 202, ಊದಿಸುವ 203, ಗಾಡಿ ಹಿಡಿದಿಡುವ 207, ಇವೆಲ್ಲ ನೇರ ಸೂತ್ರಗಳು, ಭಾಷ್ಯಕ್ಕೆ ರುಚಿಯಿಲ್ಲ. ನೂರು ಮಿಲಿ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಮೀರಿತು. ‘ಬರೀ ಬಿಯರ್ ಸಾರ್’ ಎಂಬ ವಿವರಣೆ ಕೇಳಲು ಯಂತ್ರಕ್ಕೆ ಕಿವಿಯಿಲ್ಲ.

ರುಚಿ ಇರುವುದು ಪ್ರಮಾಣ ವಿಚಾರದಲ್ಲಿ. ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳುತ್ತದೆ. ನಾಲ್ಕೂ ನಮ್ಮ ತಿರುವಿನಲ್ಲಿ ಸಂಜೆಯಾದರೆ ಕೈಕೈ ಮಿಲಾಯಿಸುತ್ತವೆ. ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನಕ್ಕೆ ತಾರ್ಕಿಕರು ಕೊಡುವ ಸವಕಲು ಉದಾಹರಣೆ. ಆಟೋದ ಹೊಗೆ ಕಂಡು ‘ಎಮಿಷನ್ ಮುಗಿದಿದೆ’ ಎಂದು ತಿಳಿಯುವುದು ಅದರ ಇಂದಿನ ರೂಪ. ಆದರೆ ಕನ್ನಡದಲ್ಲಿ ‘ಅನುಮಾನ’ಕ್ಕೆ ಇನ್ನೊಂದು ಅರ್ಥವಿದೆಯಷ್ಟೆ. ಹೊಗೆಯೇ ಇಲ್ಲದ ಗಾಡಿಯನ್ನು ನಿಲ್ಲಿಸಿ ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಂದು ನಾಲ್ಕು ವೇದಗಳನ್ನೂ ಒಪ್ಪಿಸು ಎಂದರೆ ಯಾವುದಾದರೊಂದು ಶಾಖೆಯಲ್ಲಿ ಸ್ವರ ತಪ್ಪೇ ತಪ್ಪುತ್ತದೆ ಎಂಬ ಪದ್ಧತಿ ಆ ಎರಡನೇ ಅರ್ಥದಿಂದ ಹುಟ್ಟಿದ್ದು. 2022ರ ಜೂನಿನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಇದಕ್ಕೆ ಕಡಿವಾಣ ಹಾಕಿದರು: ಬರಿಗಣ್ಣಿಗೆ ಕಾಣುವ ತಪ್ಪಿಲ್ಲದಿದ್ದರೆ, ದಾಖಲೆ ನೋಡುವುದಕ್ಕೆಂದೇ ಯಾವ ಗಾಡಿಯನ್ನೂ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು. ಅಂದರೆ ಪ್ರತ್ಯಕ್ಷವೊಂದೇ ಪ್ರಮಾಣ. ಇಷ್ಟು ಖಡಾಖಂಡಿತವಾಗಿ ಈ ಮಾತು ಹೇಳಿದವರು ಹಿಂದೆ ಚಾರ್ವಾಕರು ಮಾತ್ರ.

ಉಪಮಾನ ಸವಾರರ ಆಸ್ತಿ: ‘ಮುಂದೆ ಹೋದೋನ್ಗೂ ಹೆಲ್ಮೆಟ್ ಇರ್ಲಿಲ್ಲ, ಅವನ್ನ ಯಾಕ್ ಬಿಟ್ರಿ ಸಾರ್?’ ಶಬ್ದವೆಂದರೆ ಆಪ್ತವಾಕ್ಯ, ನಂಬತಕ್ಕವನ ಮಾತು. ಅದು ಮೊಬೈಲಿನಲ್ಲಿ ವಾಸಿಸುತ್ತದೆ: ‘ಸಾರ್, ನಮ್ಮ ಭಾವ ಲೈನಲ್ಲಿದ್ದಾರೆ, ಒಂದೇ ಒಂದ್ಸಲ ಮಾತಾಡಿ.’ ಭಾವನ ಕುರ್ಚಿಯ ಎತ್ತರಕ್ಕೆ ತಕ್ಕಂತೆ ಪ್ರಮಾಣದ ತೂಕ. ಒಂದು ಸಂಜೆ ಮಾತ್ರ ಅಧಿಕಾರಿ ಆ ಫೋನನ್ನು ಕೈಯಲ್ಲೂ ಮುಟ್ಟದೆ, ‘ನಿಮ್ ಭಾವಂಗೂ ಒಂದು ಹೆಲ್ಮೆಟ್ ತಗೊಳ್ಳಕ್ಕೆ ಹೇಳಿ’ ಎಂದು ರಸೀದಿ ಕೊಟ್ಟು ಕಳಿಸಿದರು. ಶಬ್ದಪ್ರಮಾಣಕ್ಕೆ ಇಂಥ ಖಂಡನೆ ಬೌದ್ಧರಿಂದಲೂ ಆಗಿರಲಿಲ್ಲ. ಟೀ ಅಂಗಡಿಯವನು ಆ ಸಂತೋಷಕ್ಕೆ ನಮ್ಮೆಲ್ಲರ ಲೋಟಕ್ಕೂ ಇನ್ನೊಂದು ಗುಟುಕು ಸುರಿದ.

ಈಗ ಬೆನ್ನಟ್ಟುವ ಪ್ರಕರಣ. ನಗರದ ಗಸ್ತು ವಾಹನಕ್ಕೆ ‘ಹೊಯ್ಸಳ’ ಎಂದು ಹೆಸರಿಟ್ಟವರು ಇತಿಹಾಸ ಬಲ್ಲವರೇ ಇರಬೇಕು. ಆ ರಾಜವಂಶದ ಮೂಲಕಥೆಯಲ್ಲಿ ಗುರು ಸುದತ್ತ ‘ಹೊಯ್ ಸಳ’ ಎಂದ, ಸಳ ಹೊಯ್ದ, ಹುಲಿ ಸತ್ತಿತು. ಗುರುವೇ ಕಂಟ್ರೋಲ್ ರೂಮು, ಹುಲಿಯೋ ಒನ್ ವೇಯಲ್ಲಿ ಎದುರು ನುಗ್ಗಿದ್ದು, ಅಲ್ಲಿಯ ತನಕ ಹೋಲಿಕೆ ಸಲೀಸು. ಆದರೆ ಬೇಲೂರಿಗೆ ಹೋಗಿ ಆ ಶಿಲ್ಪವನ್ನು ನಿಧಾನವಾಗಿ ನೋಡಿ. ಹುಲಿ ಓಡುತ್ತಿಲ್ಲ. ಸಳ ಅಟ್ಟುತ್ತಿಲ್ಲ. ಇಬ್ಬರೂ ಮೈಗೆ ಮೈ ತಾಗಿಸಿಕೊಂಡು, ಒಂದಿಂಚು ಹಿಂದೆ ಮುಂದೆ ಸರಿಯಲಾಗದೆ, ಒಂಬೈನೂರು ವರ್ಷಗಳಿಂದ ಅಲ್ಲೇ ಇದ್ದಾರೆ. ಹೊರವರ್ತುಲ ರಸ್ತೆಯ ಸಂಜೆ ಏಳು ಗಂಟೆಯನ್ನು ಆ ರೂವಾರಿ ಆಗಲೇ ಕಂಡಿದ್ದ.

ಲೆಕ್ಕವೂ ಇದನ್ನೇ ಹೇಳುತ್ತದೆ. ಟಾಮ್‌ಟಾಮ್ ಸಂಸ್ಥೆಯ 2022ರ ಎಣಿಕೆಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯಿತು. ಗಂಟೆಗೆ ಇಪ್ಪತ್ತು ಚಿಲ್ಲರೆ ಕಿ.ಮೀ. ಅಂದರೆ ನೂರು ಮೀಟರಿಗೆ ಹದಿನೇಳೂವರೆ ಸೆಕೆಂಡ್. ಹೈಸ್ಕೂಲು ಕ್ರೀಡಾಕೂಟದಲ್ಲಿ ಇಷ್ಟು ಹೊತ್ತು ತಗೊಂಡವನಿಗೆ ಸಮಾಧಾನಕರ ಬಹುಮಾನವೂ ಸಿಗುವುದಿಲ್ಲ. 1994ರ ಜೂನ್ 17ರಂದು ಲಾಸ್ ಏಂಜಲೀಸ್‌ನಲ್ಲಿ ಕೊಲೆ ಆರೋಪಿ ಓ. ಜೆ. ಸಿಂಪ್ಸನ್ ಕೂತಿದ್ದ ಬಿಳಿ ಬ್ರಾಂಕೋ ಕಾರಿನ ಹಿಂದೆ ಪೊಲೀಸ್ ಕಾರುಗಳ ಮೆರವಣಿಗೆಯೇ ಹೊರಟಿತು. ಎಷ್ಟು ನಿಧಾನದ ಬೆನ್ನಟ್ಟುವಿಕೆ ಎಂದು ಜಗತ್ತು ಇಂದಿಗೂ ಆಡಿಕೊಳ್ಳುತ್ತದೆ. ಆ ನಿಧಾನ ಗಂಟೆಗೆ ಸುಮಾರು 56 ಕಿ.ಮೀ. ನಮ್ಮಲ್ಲಿ ಅಷ್ಟು ನಿಧಾನವಾಗಿ ಹೋಗಬೇಕೆಂದರೆ ಬೆಳಗಿನ ಜಾವ ಮೂರಕ್ಕೆ ಅಲಾರಂ ಇಟ್ಟುಕೊಳ್ಳಬೇಕು.

ಊರು ದಾಟಿದರೆ ಮಾತು ಬೇರೆ. 119 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100ರ ಮಿತಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳು ಆ ಮುಖ್ಯ ಪಥಕ್ಕೆ ಏರುವಂತಿಲ್ಲ. ಅಂಥ ಕಡೆ ಅಡ್ಡ ನುಗ್ಗಿ ಕೈ ಚಾಚುವುದು ಸಾವಿಗೆ ಕೈ ಚಾಚಿದಂತೆ. ವೇಗವಿಲ್ಲದ ಕಡೆಯೂ ಅಷ್ಟೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರ ಬೈಕನ್ನು ಹೆಲ್ಮೆಟ್ ತಪಾಸಣೆಗೆ ತಡೆದ ಗಳಿಗೆಯಲ್ಲಿ ಬೈಕು ಆಯತಪ್ಪಿತು; ರಸ್ತೆಗೆ ಬಿದ್ದ ಮಗು ಇನ್ನೊಂದು ವಾಹನದ ಚಕ್ರಕ್ಕೆ ಸಿಕ್ಕಿ ತೀರಿಕೊಂಡಿತು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಸುತ್ತೋಲೆ ಬಂತು: ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ಹಿಂದೆ ಕೂತವರನ್ನು ಎಳೆಯಬೇಡಿ, ನಿಲ್ಲದೆ ಹೋದವರನ್ನು ಅಟ್ಟಿಕೊಂಡು ಹೋಗಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ. ಕೀ ಕಿತ್ತುಕೊಳ್ಳುವ ಅಧಿಕಾರ 217 ಸೆಕ್ಷನ್ನುಗಳ ಯಾವುದರಲ್ಲೂ ಇರಲಿಲ್ಲ, ಬೀದಿಯಲ್ಲಿ ಮಾತ್ರ ಇತ್ತು. ಈ ಸುತ್ತೋಲೆಗೆ ಭಾಷ್ಯ ಬರೆಯುವುದಿಲ್ಲ.

ನಂಬರ್ ಬರೆದುಕೊಳ್ಳುವ ಕೆಲಸವನ್ನು ಈಗ ಹೆಚ್ಚಾಗಿ ಕಂಬದ ಮೇಲಿನ ಕ್ಯಾಮೆರಾ ಮಾಡುತ್ತದೆ. ಸಿಗ್ನಲ್ ಮುರಿದವನನ್ನು ಇದ್ದಲ್ಲಿಂದ ಕದಲದೆ ಬೆನ್ನಟ್ಟುವ ಬೇಟೆಗಾರ ಅದು. 2021ರಲ್ಲಿ ಬಂದ 167ಎ ನಿಯಮ, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೊರಡಬೇಕು ಎಂದಿತು. ಇದಕ್ಕೆ ಪ್ರತಿಯಾಗಿ ನಮ್ಮ ಯುವಕರು ಒಂದು ಮುದ್ರೆಯನ್ನು ಕಂಡುಹಿಡಿದಿದ್ದಾರೆ: ಸಿಗ್ನಲ್ ಹತ್ತಿರವಾಗುತ್ತಲೇ ಹಿಂದೆ ಕೂತವನು ಬೆನ್ನ ಹಿಂದಕ್ಕೆ ಕೈ ಇಳಿಬಿಟ್ಟು ಬೆರಳು ಬಿಡಿಸಿ ನಂಬರ್ ಪ್ಲೇಟ್ ಮುಚ್ಚುವುದು. ಭರತಮುನಿಯ ಹಸ್ತಗಳ ಪಟ್ಟಿಗೆ ಇದನ್ನು ಸೇರಿಸಲು ಅಡ್ಡಿಯಿಲ್ಲ.

ಉಳಿದದ್ದು ದಂಡದ ಗಣಿತ. 2019ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಎರಡರ ಮಗ್ಗಿ ಕಲಿತಿತ್ತು. ಅದರ 210ಬಿ ಪ್ರಕಾರ ಕಾಯ್ದೆ ಜಾರಿ ಮಾಡುವವರೇ ತಪ್ಪು ಮಾಡಿದರೆ ದಂಡ ಇಮ್ಮಡಿ. ಕರ್ನಾಟಕ ಕಲಿತದ್ದು ಅರೆಯ ಮಗ್ಗಿ. ಹೆಲ್ಮೆಟ್ಟಿಲ್ಲದವರ ಸಾವಿರ ರೂಪಾಯಿ ಅದೇ ತಿಂಗಳು ಐನೂರಕ್ಕೆ ಇಳಿಯಿತು. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೂ ಅರ್ಧ ರಿಯಾಯಿತಿ ಸಾರಿತು. ಹಾಫ್ ಹೆಲ್ಮೆಟ್ಟಿನ ಊರಿಗೆ ಹಾಫ್ ದಂಡ, ಅಳತೆ ಸರಿಹೋಯಿತು. ಆಗ ನಡೆದದ್ದು ಈ ಶಾಸ್ತ್ರದಲ್ಲಿ ಹಿಂದೆಂದೂ ಕಂಡಿರದ ವಿಲೋಮ ಕ್ರಿಯೆ: ಜನ ಪೊಲೀಸರನ್ನು ಬೆನ್ನಟ್ಟಿದರು. ಠಾಣೆಯ ಮುಂದೆ ಸಾಲು, ಸಿಗ್ನಲ್ಲಿನಲ್ಲಿ ಸಾಲು. ‘ಸಾರ್, ನನ್ದು ಎಷ್ಟಿದೆ ಸ್ವಲ್ಪ ನೋಡಿ ಸಾರ್’ ಎಂದು ಗಾಡಿಯನ್ನು ತಾವೇ ಸೈಡಿಗೆ ಹಾಕಿದರು, ಕರ್ಮಪದವನ್ನು ತಾವೇ ತುಂಬಿಕೊಂಡರು. ಹತ್ತು ದಿನದೊಳಗೆ ವಸೂಲಿ ನೂರು ಕೋಟಿ ದಾಟಿತು.

ಈ ಗ್ರಂಥ ಇಲ್ಲಿಗೆ ನಿಂತದ್ದು ಮೊನ್ನೆ ಮನೆಗೆ ಬಂದ ಒಂದು ನೋಟಿಸಿನಿಂದ. ಜೊತೆಗೊಂದು ಫೋಟೋ. ಕ್ಷೇತ್ರಕಾರ್ಯ ಮುಗಿಸಿ, ಮಾರ್ಕೆಟ್ಟಿನಿಂದ ಮನೆಯವರನ್ನು ಕರೆದುಕೊಂಡು ಬರುವಾಗಿನದು. ಮುಂದೆ ಈ ಭಾಷ್ಯಕಾರ ಹೆಲ್ಮೆಟ್ ತೊಟ್ಟು ವಿಜ್ಞಾನೇಶ್ವರನಷ್ಟೇ ಗಂಭೀರವಾಗಿದ್ದಾನೆ. ಹಿಂದೆ ಕೂತ ಮನೆಯವರ ಹೆಲ್ಮೆಟ್ ತಲೆಯ ಮೇಲಿಲ್ಲ, ತೊಡೆಯ ಮೇಲೆ ಅಂಗಾತ ಇದೆ. ಅದರ ತುಂಬ ಎರಡು ಕಟ್ಟು ಕೊತ್ತಂಬರಿ, ಒಂದು ಕಟ್ಟು ಸಬ್ಬಸಿಗೆ. ಪ್ರತ್ಯಕ್ಷ ಪ್ರಮಾಣ, ಚಾರ್ವಾಕನೂ ತಲೆದೂಗಬೇಕು. ಮನೆಯವರು ಕನ್ನಡಕ ಏರಿಸಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು.

‘ಸೊಪ್ಪು ಎಷ್ಟು ಫ್ರೆಶ್ಶಾಗಿ ಬಂದಿದೆ ನೋಡ್ರಿ’ ಎಂದರು. ‘ಈಗ್ಲೇ ಕಟ್ಟಕ್ಕೆ ಹೋಗ್ಬೇಡಿ. ಹೇಗೂ ಹಾಫ್ ಬಿಡ್ತಾರೆ.’