ಮಿಲಿಮೀಟರಿನ ಸಂಸಾರ

ಕ್ಲಾರಿನೆಟ್ ಊದುವವರ ಕುಲದಲ್ಲಿ ಒಂದು ಗಟ್ಟಿ ನಂಬಿಕೆಯಿದೆ. ಸ್ವರ ಇಂಪಾಗಿ ಬಂದರೆ ಅದು ತನ್ನ ಸಾಧನೆ, ಕೀರಲಿದರೆ ಮೌತ್‌ಪೀಸಿನ ದೋಷ. ಈ ವಿಷಯದಲ್ಲಿ ನಾನು ಪರಮ ಆಸ್ತಿಕ. ಹಾಗಾಗಿ ಆಗಾಗ ವಾದ್ಯದ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತೇನೆ.

ಮೌತ್‌ಪೀಸ್ ಅಂದರೆ ಅಂಗೈಯಲ್ಲಿ ಅಡಗುವ ಕರಿ ಕೊಳವೆ. ಸಾಮಾನ್ಯವಾಗಿ ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. (ಬಿಸಿನೀರಲ್ಲಿ ತೊಳೆದು ನೋಡಿ, ಗಂಧಕ ಮೂಗಿಗೇ ಪರಿಚಯ ಹೇಳಿಕೊಳ್ಳುತ್ತದೆ.) ಅದರ ತುದಿಗೂ ಜೊಂಡಿನ ರೀಡಿಗೂ ನಡುವೆ ಇರುವ ಸಂದಿಯೇ ಎಲ್ಲ ಜಗಳದ ಮೂಲ. ಪ್ಯಾರಿಸಿನ ವ್ಯಾಂಡೊರೆನ್ ಕಂಪನಿಯ 5ಆರ್‌ವಿ ಲೈರ್‌ನಲ್ಲಿ ಈ ಸಂದಿ 1.095 ಮಿ.ಮೀ., ಬಿ45ರಲ್ಲಿ 1.195. ನಡುವಿನ ಅಂತರ ಒಂದು ಹಾಳೆ ಕಾಗದದಷ್ಟು. ಆ ಹಾಳೆಗಾಗಿ ಮಾತು ಬಿಟ್ಟವರಿದ್ದಾರೆ.

ಸಂದಿ ಅಗಲವಾದರೆ ಮೆತ್ತನೆಯ ರೀಡ್, ಕಿರಿದಾದರೆ ಗಟ್ಟಿ ರೀಡ್ ಅನ್ನುವುದು ರೂಢಿ. ಗಮಕಕ್ಕೆ ಸ್ವರ ತುಟಿಯಲ್ಲಿ ಜಾರಬೇಕು, ಆದ್ದರಿಂದ ಅಗಲದ್ದೇ ಸರಿ ಎಂದು ನನ್ನ ವಾದ. ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿ ಈ ಪರದೇಶಿ ವಾದ್ಯದಲ್ಲಿ ಹಿಂದೂಸ್ತಾನಿ ರಾಗ ಬಿಡಿಸಿದರು, ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತ ಮೊಳಗಿಸಿದರು. ಅವರು ದಿನಕ್ಕೆಷ್ಟು ಹೊತ್ತು ಸಾಧನೆ ಮಾಡುತ್ತಿದ್ದರು ಎಂದು ನಾವ್ಯಾರೂ ಕೇಳುವುದಿಲ್ಲ. ಯಾವ ಮೌತ್‌ಪೀಸ್ ಇಟ್ಟಿದ್ದರು ಎಂದು ಮಾತ್ರ ಕೇಳುತ್ತೇವೆ.

ಪರೀಕ್ಷೆಗೂ ಶಾಸ್ತ್ರವಿದೆ. ರೀಡ್ ಕಟ್ಟಿ, ಕೊಳವೆಯ ಬುಡವನ್ನು ಅಂಗೈಯಿಂದ ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೀರಬೇಕು. ರೀಡ್ ಒಂದೆರಡು ಕ್ಷಣ ಕಚ್ಚಿಕೊಂಡಿದ್ದು 'ಟಪ್' ಎಂದು ಬಿಟ್ಟರೆ ಗಾಳಿ ಸೋರುತ್ತಿಲ್ಲ ಎಂದರ್ಥ. ಕೆನ್ನೆ ಒಳಗೆಳೆದು, ಕಣ್ಣು ಹೊರಗೆ ಬಿಟ್ಟು ಈ ಶಾಸ್ತ್ರದಲ್ಲಿರುವಾಗ ಪರಿಚಿತರು ಯಾರೂ ಅಂಗಡಿಗೆ ಬರಬಾರದು. ಇನ್ನು, ಎಲ್ಲಕ್ಕೂ ಒಂದೇ ರೀಡ್ ಹಾಕಿದರೆ ಅದು ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಮುನಿಯುತ್ತದೆ. ರೀಡ್ ಬದಲಿಸಿದರೋ, ಪರೀಕ್ಷೆಗೆ ಕೂತವರು ಯಾರೆಂಬುದೇ ತಿಳಿಯುವುದಿಲ್ಲ.

ಈ ತತ್ತ್ವಜಿಜ್ಞಾಸೆಯಲ್ಲಿ ನಾನು ಮುಳುಗಿದ್ದಾಗ ಮದುವೆ ಬ್ಯಾಂಡಿನ ಹಿರಿಯರೊಬ್ಬರು ಬಂದರು. ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿ, ಬೀದಿಗೆ ಮುಖ ಮಾಡಿ ಒಂದೇ ಒಂದು ತಾರಸ್ಥಾಯಿ ಸ್ವರ ಊದಿದರು. ಎದುರು ಬದಿಯ ಆಟೋದವನು ತಿರುಗಿ ನೋಡಿದ. "ಪಟಾಕಿ ದಾಟ್ಕೊಂಡು ಹೋಗುತ್ತೆ, ಸಾಕು" ಎಂದು ದುಡ್ಡು ಕೊಟ್ಟು ಹೊರಟೇ ಹೋದರು.

ಅಂಗಡಿಯವರು ನನ್ನ ಮೇಲಿನ ಕರುಣೆಯಿಂದಲೋ, ಸ್ಟೂಲಿನ ಮೇಲಿನ ಕರುಣೆಯಿಂದಲೋ, 5ಆರ್‌ವಿ ಲೈರ್, ಬಿ45 ಎರಡನ್ನೂ ಮನೆಗೆ ಒಯ್ಯಲು ಕೊಟ್ಟರು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವಳಿಗೆ ಕಾಣದಂತೆ ಎರಡರಲ್ಲೂ ಮೋಹನ ನುಡಿಸಿ, ಯಾವುದು ಚೆನ್ನಾಗಿತ್ತು ಎಂದು ಕೇಳಿದೆ.

"ಮಧ್ಯೆ ಸ್ವಲ್ಪ ಹೊತ್ತು ನಿಲ್ಲಿಸಿದ್ರಲ್ಲ, ಅದು."

ಮೌತ್‌ಪೀಸ್ ಬದಲಿಸುವುದಕ್ಕೂ ನನಗೆ ಹೊತ್ತು ಹಿಡಿಯುತ್ತದೆ, ಏನು ಮಾಡಲಿ. ಮರುದಿನ ಅಂಗಡಿಗೆ ಹೋಗಿ ಗಮಕದ ಹೆಸರು ಹೇಳಿ ಬಿ45 ಅನ್ನೇ ಕೊಂಡೆ. ಅಂಗಡಿಯವರು ಬಿಲ್ಲು ಬರೆಯುತ್ತ, "ಇದಕ್ಕೆ ರೀಡ್ ಎಷ್ಟನೇ ನಂಬರು ಕೊಡ್ಲಿ ಸಾರ್, ಎರಡೂವರೆನಾ, ಮೂರಾ?" ಅಂದರು.

ಸ್ಟೂಲನ್ನು ಎಳೆದುಕೊಂಡು ಕೂತೆ.