ಸರ್ವರ್ ಮಲಗೈತಿ!

(ಪಟ್ಟಣದ ದೊಡ್ಡಾಸ್ಪತ್ರೆ. ಕೌಂಟರಿನ ಮೇಲೆ ಪ್ಲಾಸ್ಟಿಕ್ ಹೂವು, ಅದರ ಮೇಲಿನ ಧೂಳು ಮಾತ್ರ ಅಸಲಿ. ಕೌಂಟರಿನ ಹಿಂದೆ ಹುಡುಗ; ಮುಂದೆ ಅಕ್ಕಿಆಲೂರಿನ ಅಜ್ಜ, ಎದೆ ಹಿಡಿದುಕೊಂಡ ಅಜ್ಜಿ.)

ಅಜ್ಜ: ತಮ್ಮಾ, ಈಕಿಗೆ ಎದಿನೋವು.

ಹುಡುಗ: ಸರ್ವರ್ ಮಲಗೈತಿ ಅಜ್ಜಾ.

ಅಜ್ಜ: ಎಬ್ಬಸಪಾ! ನಮ್ಮೂರ ಖಾನಾವಳ್ಯಾಗ ಸರ್ವರ್ ಮಲಗಿದರ ಮಾಲಕನ ಬಡಸ್ತಾನ.

ಹುಡುಗ: ಅದಲ್ಲ, ಕಂಪ್ಯೂಟರಿಗೆ ವೈರಸ್ ಹೊಕ್ಕೈತಿ.

ಅಜ್ಜ: ಪಾಪ! ಅಡ್ಮಿಟ್ ಮಾಡ್ಕೊಂಡ್ರೇನು?

ಹುಡುಗ: ನಾಕು ಮಂದಿ ಎಂಜಿನಿಯರು ಸುತ್ತ ನಿಂತಾರ. ಕಳ್ಳರು ಕಡತಕ್ಕೆಲ್ಲ ಕೀಲಿ ಜಡದು ರೊಕ್ಕ ಕೇಳಾಕತ್ತಾರ.

ಅಜ್ಜ: ರೊಕ್ಕ ಕಟ್ಟೂತನಾ ಬಿಡೂದಿಲ್ಲಂತ? ಆ ಕಳ್ಳರು ಇದನ್ನ ಯಾವ ದವಾಖಾನ್ಯಾಗ ಕಲತರಪಾ?

ಹುಡುಗ: ನಗಬ್ಯಾಡ. 2022ರ ನವೆಂಬರ್ 23ಕ್ಕ ದಿಲ್ಲಿ ಏಮ್ಸ್‌ಗೇ ಹಿಂಗಾತು. ಐದು ಸರ್ವರ್! ಹೆಚ್ಚುಕಮ್ಮಿ ಎರಡು ವಾರ ಪೆನ್ನು-ಹಾಳಿ ಮ್ಯಾಲ ಕೆಲಸ ಸಾಗಿಸಿದರು.

ಅಜ್ಜ: ಅಂದರ ಪೆನ್ನಿಗೆ ವೈರಸ್ ಹತ್ತೂದಿಲ್ಲ. ತಗೋ ನಂದು.

ಹುಡುಗ: ಪರದೇ ಮ್ಯಾಲ ಹೆಸರು ಬರೂತನಾ ಆಕಿ ಇಲ್ಲಿ ಬಂದಂಗಲ್ಲ.

ಅಜ್ಜಿ: (ನರಳುತ್ತ) ಇಲ್ಲೇ ಅದೀನೋ ಯಪ್ಪಾ...

ಅಜ್ಜ: ನಮ್ಮದು ರಕ್ತದಾನಿಗಳ ಊರು. ರಕ್ತ ಬೇಡು, ಕೊಡ್ತೀವಿ. ಪಾಸ್‌ವರ್ಡ್ ಎಲ್ಲಿಂದ ತರೂನು?

(ನರ್ಸೊಬ್ಬಳು ಬಂದು ಅಜ್ಜಿಯ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾಳೆ.)

ಹುಡುಗ: ಸಿಸ್ಟರ್, ಎಂಟ್ರಿ ಆಗಿಲ್ಲ, ಮುಟ್ಟಬ್ಯಾಡ್ರಿ! ಅಜ್ಜಾ, ಅಲ್ಲಿತನಾ ಅಡ್ವಾನ್ಸ್ ಕಟ್ಟು.

ಅಜ್ಜ: ಸರ್ವರ್ ಮಲಗೈತಲ್ಲೋ?

ಹುಡುಗ: (ಕಾರ್ಬನ್ ಹಾಳಿ ಸಿಕ್ಕಿಸಿದ ರಸೀದಿ ಪುಸ್ತಕ ತೆಗೆದು) ಇದನ್ನ ಕೈಲೆ ಬರೀತೀವಿ. ಪೆನ್ನು ಕೊಡು.