ಅದುರುವ ಪೆಟ್ಟಿಗೆ

ಅಲ್ಲಾಡದ ಕಾಲು, ಕಿರುಗುಟ್ಟದ ಬಾಗಿಲು: ಯಡಿಯೂರಿನ ನಮ್ಮ ಆಚಾರ್ರ ವೃತ್ತಿಧರ್ಮ ಇಷ್ಟೇ. ಅವರು ಮಾಡಿದ ಬೀರು ಮನೆ ಬಿದ್ದರೂ ನಿಂತಿರುತ್ತದೆ. ಅಂಥವರ ಬಳಿ ಹೋಗಿ ನಾನು ಕೇಳಿದ್ದು, ಸದ್ದಿನ ಜೊತೆ ತಾನೂ ಅದುರುವ ಪೆಟ್ಟಿಗೆ.

ನನ್ನ ಗಿಟಾರಿಗೆ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ಬೇಕೆಂಬ ಹುಚ್ಚು. ಮಾದರಿ, ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1950ರ ದಶಕದಲ್ಲಿ ತಯಾರಿಸಿದ ಡಿಲಕ್ಸ್: ಹನ್ನೆರಡು ಇಂಚಿನ ಒಂದೇ ಸ್ಪೀಕರ್, ಪೈನ್ ಮರದ ಮೈ. ಒಳಗಿನ ಒಂದು ವಾಲ್ವ್ ಮಾತ್ರ ನಮ್ಮೂರ ಕಡೆಯದು, ಜಾಲಹಳ್ಳಿಯ ಬಿಇಎಲ್‌ನ ಹಳೇ ಇಸಿಸಿ83.

“ಪೈನಾ?” ಆಚಾರ್ರು ಕೀಸುಳಿ ಕೆಳಗಿಟ್ಟರು. “ಅದು ಮಿಷಿನ್ ತುಂಬ್ಕೊಂಡ್ ಬರೋ ಪ್ಯಾಕಿಂಗ್ ಮರ ಅಲ್ವಾ ಸ್ವಾಮಿ? ವೀಣೆಗೇ ಹಲಸು ಹಾಕ್ತಾರೆ. ನಿಮ್ ಗಿಟಾರು ಅದಕ್ಕಿಂತ ಬಡವಾ?”

ಪೈನ್ ಹಗುರ, ಹಾಗಾಗಿ ಸ್ಪೀಕರಿನ ಜೊತೆ ಅದೂ ದನಿಗೂಡಿಸುತ್ತದೆ ಎಂದೆ. ಸ್ಪೀಕರ್ ಕೂರುವ ಹಲಗೆ ತೆಳು ಪ್ಲೈವುಡ್ ಆಗಿರಬೇಕು, ಮೂಲೆಗಳಲ್ಲಿ ಮಾತ್ರ ಹಲ್ಲಿಗೆ ಹಲ್ಲು ಕೂರಿಸಬೇಕು ಎಂದೆ. ಮೂಲೆಯ ಮಾತಿಗೆ ಅವರ ಮುಖ ಅರಳಿತು, ಪ್ಲೈವುಡ್ಡಿಗೆ ಬಾಡಿತು.

ಬೆನ್ನಿನ ವಿಷಯ ಬಂದಾಗ ಜಗಳವೇ ಆಯಿತು. ಅವರು ಹಿಂಬದಿಗೆ ಹಲಗೆ ಅಳೆದಿದ್ದರು. ನಾನು ಅರ್ಧ ತೆರೆದಿರಲಿ ಎಂದೆ. ವಾಲ್ವ್‌ಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತವೆ, ಕೈ ಸುಡುವಷ್ಟು ಕಾಯುತ್ತವೆ, ಗಾಳಿ ಬೇಕು. ಸದ್ದೂ ಹಿಂದಿನಿಂದ ಹೊರಬಿದ್ದು ಗೋಡೆಗೆ ತಾಗಿ ಕೋಣೆಯೆಲ್ಲ ಹರಡಬೇಕು. “ಹಿಂದೆ ಇಲ್ದಿರೋ ಪೆಟ್ಗೆ ಮಾಡ್ದೋನು ಅಂತ ನನ್ ಹೆಸರು ಹೇಳ್ಬೇಡಿ” ಎಂದು ಒಪ್ಪಿದರು.

ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿ ಹೆದ್ದಾರಿಯತ್ತ ಹೊರಟವರು ಇಣುಕಿ ಹೋಗುತ್ತಿದ್ದರು. ಒಬ್ಬರು ಹಾರ್ಮೋನಿಯಂ ಡಬ್ಬವೆಂದರು, ಇನ್ನೊಬ್ಬರು ಕೋಳಿಗೂಡಿಗೆ ಜಾಲರಿ ಎಲ್ಲಿ ಎಂದರು. ಹೊಸ ಮರಕ್ಕೆ ಒರಟು ಹತ್ತಿಬಟ್ಟೆ ಅಂಟಿಸಿ, ಅರಗಿನ ಪಾಲಿಷ್ ಬಳಿದು, ಚಹಾ ಚೆಲ್ಲಿದ ಬಣ್ಣ ಬರಿಸಿದಾಗ ಆಚಾರ್ರು ಹಣೆ ಹಣೆ ಚಚ್ಚಿಕೊಂಡರು. ಜನ ಹಳೇದನ್ನ ಹೊಸದು ಮಾಡಿಸೋಕೆ ಬರ್ತಾರೆ, ನೀವು ಹೊಸದನ್ನ ಹಳೇದು ಮಾಡಿಸೋಕೆ ಬಂದಿದ್ದೀರಿ ಎಂದರು. ಈ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ತಂತಿ ಮೀಟಿದೆ. ಪೆಟ್ಟಿಗೆ ನಡುಗಿತು, ಬೆಂಚಿನ ಮೇಲಿದ್ದ ಮೊಳೆಗಳೂ ಕುಣಿದವು. ಆಚಾರ್ರು ಅದರ ಮೇಲೆ ಅಂಗೈ ಇಟ್ಟು, ನಾಡಿ ನೋಡುವ ವೈದ್ಯರ ಗಾಂಭೀರ್ಯದಲ್ಲಿ ಸುಮ್ಮನೆ ನಿಂತರು. ಏನೂ ಹೇಳಲಿಲ್ಲ, ಕೂಲಿಯನ್ನು ಮಾತ್ರ ಎಣಿಸಿಕೊಂಡರು.

ಮೊನ್ನೆ ಅವರ ಅಂಗಡಿಗೆ ಗಿರಾಕಿಯೊಬ್ಬ ಸಿಡುಕುತ್ತ ಬಂದ. ಬೀರುವಿನ ಬಾಗಿಲು ಗಡಗಡ ಅನ್ನುತ್ತದಂತೆ. ಆಚಾರ್ರು ತಲೆಯೆತ್ತದೆ ಹೇಳಿದರು: “ಅದು ಹಳೇ ಸ್ಟೈಲು ಕಣಪ್ಪ. ಅಮೆರಿಕದೋರು ಇದಕ್ಕೇ ಕಾಸು ಕೊಡ್ತಾರೆ. ನೀನು ಇನ್ನೂರು ರೂಪಾಯಿ ಜಾಸ್ತಿ ಕೊಡ್ಬೇಕು.”